ನೇತ್ರಾಣಿಯ ನೀರಿನಲ್ಲಿ ಬಾಯ್ಲನ ಪಾಠ

ಪರೀಕ್ಷೆ ಮುಗಿದು ರಜೆ ಬಂತೆಂದರೆ ಹಿಂದೆಲ್ಲ ಮಕ್ಕಳು ಅಜ್ಜಿ ಮನೆಗೆ ಹೋಗುತ್ತೇವೆ ಎನ್ನುತ್ತಿದ್ದರು. ಈಗ ಹೈಸ್ಕೂಲು, ಕಾಲೇಜು ಮಕ್ಕಳ ಬಾಯಲ್ಲಿ ಹೊಸದೊಂದು ಬೇಡಿಕೆ ಕೇಳಿಬರುತ್ತಿದೆ. 'ಅಪ್ಪಾ, ನೇತ್ರಾಣಿಗೆ ಸ್ಕೂಬಾ ಡೈವಿಂಗಿಗೆ ಹೋಗಲಾ?' ಗೆಳೆಯನೊಬ್ಬ ಹೋಗಿ ಬಂದಿದ್ದಾನೆ. ಮೀನುಗಳ ನಡುವೆ ತೇಲುತ್ತಿರುವ ಅವನ ಫೋಟೋ ಎಲ್ಲರ ಮೊಬೈಲಿನಲ್ಲೂ ಇದೆ. ಇದಕ್ಕೆ ಅಪ್ಪಂದಿರ ಉತ್ತರ ಸಾಮಾನ್ಯವಾಗಿ ಎರಡರಲ್ಲೊಂದು. 'ಸಮುದ್ರದ ಸಹವಾಸವೇ ಬೇಡ' ಎನ್ನುವವರು ಕೆಲವರು. 'ಎಷ್ಟು ದುಡ್ಡು?' ಎಂದು ಕೇಳಿ ಕಳಿಸಿಬಿಡುವವರು ಇನ್ನು ಕೆಲವರು. ಈ ಎರಡು ಉತ್ತರಗಳ ನಡುವೆ ಕೇಳಲೇಬೇಕಾದ ಹಲವು ಪ್ರಶ್ನೆಗಳಿವೆ. ಅವನ್ನು ಕೇಳಲು ಬೇಕಾದ ವಿಜ್ಞಾನ ನಾವೆಲ್ಲ ಶಾಲೆ, ಕಾಲೇಜಿನಲ್ಲಿ ಓದಿ ಮರೆತ ಪಾಠಗಳಲ್ಲೇ ಇದೆ.

ಹೆತ್ತವರ ಭಯಕ್ಕೆ ಕಾರಣವಿಲ್ಲ ಎನ್ನುವಂತಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದುದನ್ನು ನಾಡು ಮರೆತಿಲ್ಲ. ಆ ಮಕ್ಕಳು ಸ್ಕೂಬಾಕ್ಕೆ ಹೋದವರಲ್ಲ, ದಡದ ಅಲೆಯಲ್ಲಿ ಆಡಲು ಇಳಿದವರು. ದಡದ ನೀರು ಮೊಣಕಾಲು ಮಟ್ಟದ್ದೆಂದು ನಾವು ಹಗುರವಾಗಿ ಕಾಣುತ್ತೇವೆ, ಆಳದ ನೀರಿಗೆ ಹೆದರುತ್ತೇವೆ. ಎರಡರ ಅಪಾಯಗಳೂ ಬೇರೆ ಬೇರೆ ಬಗೆಯವು. ಯಾವುದು ಎಲ್ಲಿದೆ ಎಂದು ತಿಳಿದವನಿಗೆ ಮಾತ್ರ ಎಲ್ಲಿ ಎಚ್ಚರ ವಹಿಸಬೇಕೆಂಬುದು ಗೊತ್ತಾಗುತ್ತದೆ.

ಕರಾವಳಿಯ ಕಿಟಕಿ

ನಮ್ಮ ರಾಜ್ಯಕ್ಕೆ ಸುಮಾರು 320 ಕಿ.ಮೀ. ಉದ್ದದ ಕರಾವಳಿಯಿದೆ. ಅದರಲ್ಲಿ ಸ್ಕೂಬಾ ಕಲಿಯಲು ಹೆಸರಾದ ಜಾಗವೆಂದರೆ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಕಡಲೊಳಗಿರುವ ನೇತ್ರಾಣಿ ದ್ವೀಪ. ಆಂಗ್ಲರು ಇದನ್ನು ಪಿಜನ್ ಐಲೆಂಡ್, ಅಂದರೆ ಪಾರಿವಾಳದ ದ್ವೀಪ ಎಂದು ಕರೆದರು. ಮೇಲಿನಿಂದ ನೋಡಿದರೆ ಹೃದಯದ ಆಕಾರ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಈ ಬಂಡೆಗುಡ್ಡದ ಸುತ್ತ ಹವಳಗಳಿವೆ, ಗಿಳಿಮೀನು, ಚಿಟ್ಟೆಮೀನುಗಳಿವೆ. ಮೇಲೆ ಬಿಳಿಹೊಟ್ಟೆಯ ಕಡಲಹದ್ದು ಹಾರುತ್ತದೆ. ಮಳೆಗಾಲದಲ್ಲಿ ಕಡಲು ಕೆರಳಿ ದೋಣಿ ಹೋಗಲಾರದು. ಮಳೆ ಮುಗಿದ ಮೇಲೆ ಅಕ್ಟೋಬರಿನಿಂದ ಮೇ ವರೆಗೆ ಇಲ್ಲಿ ಮುಳುಗುವ ಕಾಲ.

ಮಂಗಳೂರು, ಉಡುಪಿ, ಕಾರವಾರದ ಮಕ್ಕಳಿಗೆ ಇದು ಕೊಂಕಣ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ. ಹಾಗಿದ್ದೂ ರಾತ್ರಿ ಮಲಗಿದರೆ ಕಡಲಿನ ಸದ್ದು ಕೇಳುವ ಊರಿನ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ನೀರಿನ ಒಳಗೇನಿದೆ ಎಂದು ಗೊತ್ತು? ಮೀನು ಬಲೆಯಲ್ಲಿ ಬಂದಾಗ, ಮಾರುಕಟ್ಟೆಯಲ್ಲಿ ಕಂಡಾಗ ಅದು ಸತ್ತ ಮೀನು. ಬದುಕಿರುವ ಮೀನಿನ ಊರನ್ನು ನೋಡುವ ಕಿಟಕಿ ಎಂಬ ಕಾರಣಕ್ಕಾದರೂ ಈ ವಿದ್ಯೆಗೆ ಬೆಲೆಯಿದೆ.

ಬೆನ್ನ ಮೇಲಿರುವುದು ಆಮ್ಲಜನಕವಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳೋಣ. 'ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದರು' ಎಂದು ನಾವು ಓದುತ್ತೇವೆ, ಹೇಳುತ್ತೇವೆ. ಕಲಿಯುವವರ ಬೆನ್ನ ಮೇಲಿರುವ ಸಿಲಿಂಡರಿನಲ್ಲಿ ಇರುವುದು ನಾವು ಉಸಿರಾಡುವ ಸಾಮಾನ್ಯ ಗಾಳಿ. ಶೋಧಿಸಿ, ತೇವಾಂಶ ತೆಗೆದು, ಒತ್ತಿ ತುಂಬಿದ ಗಾಳಿ. ಅದರಲ್ಲಿ ಆಮ್ಲಜನಕ ಐದರಲ್ಲಿ ಒಂದು ಪಾಲು ಮಾತ್ರ, ಉಳಿದುದು ಹೆಚ್ಚೂಕಡಿಮೆ ಸಾರಜನಕ. ಶುದ್ಧ ಆಮ್ಲಜನಕವನ್ನೇ ಉಸಿರಾಡುತ್ತ ಆರು ಮೀಟರಿಗಿಂತ ಕೆಳಗೆ ಹೋದರೆ ಅದೇ ವಿಷವಾಗಿ ಮೂರ್ಛೆ ತರಬಲ್ಲುದು. ಪ್ರಾಣವಾಯುವಾದರೂ ಒತ್ತಡ ಹೆಚ್ಚಿದಾಗ ಬೇರೆಯೇ ಗುಣ ತೋರಿಸುತ್ತದೆ.

'ಸಿಲಿಂಡರ್ ಯಾಕೆ ಸಾರ್, ಉದ್ದದ ಪೈಪು ಕಚ್ಚಿಕೊಂಡು ಮುಳುಗಬಹುದಲ್ಲ?' ಎಂದು ತರಗತಿಯಲ್ಲಿ ಯಾರಾದರೊಬ್ಬ ವಿದ್ಯಾರ್ಥಿ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ಒಂದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 100 ಗ್ರಾಂ ಭಾರ ಹೇರುತ್ತದೆ. ಒಂದಡಿ ಉದ್ದ, ಒಂದಡಿ ಅಗಲದ ಎದೆಯ ಮೇಲೆ ಅದು 90 ಕಿಲೋ ಆಗುತ್ತದೆ. ಹೆಚ್ಚೂಕಡಿಮೆ 50 ಕಿಲೋದ ಎರಡು ಅಕ್ಕಿ ಮೂಟೆ ಎದೆಯ ಮೇಲಿಟ್ಟುಕೊಂಡು ಉಸಿರೆಳೆದ ಹಾಗೆ! ಪೈಪಿನಲ್ಲಿರುವ ಗಾಳಿಗೆ ಮೇಲಿನ ವಾತಾವರಣದ ಒತ್ತಡವಷ್ಟೇ ಇರುವುದರಿಂದ ಎದೆಗೂಡು ಹಿಗ್ಗುವುದೇ ಇಲ್ಲ. ಆಳದಲ್ಲಿ ಉಸಿರಾಡಬೇಕಾದರೆ ಬಾಯಿಗೆ ಬರುವ ಗಾಳಿಗೂ ಸುತ್ತಲಿನ ನೀರಿನಷ್ಟೇ ಒತ್ತಡ ಇರಬೇಕು.

ಇದನ್ನು ಸಾಧಿಸಿದ ಸಲಕರಣೆಯೇ ರೆಗ್ಯುಲೇಟರ್. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ಸೇರಿ ಇದನ್ನು ರೂಪಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ಕಾರುಗಳನ್ನು ಅನಿಲದಿಂದ ಓಡಿಸಲು ಗಾನ್ಯಾ ತಯಾರಿಸಿದ್ದ ಕವಾಟವೇ ಇದಕ್ಕೆ ಮೂಲ. ಉಸಿರೆಳೆದಾಗ ಮಾತ್ರ ಗಾಳಿ ಬಿಡುತ್ತದೆ, ಎಳೆಯದಿದ್ದಾಗ ಮುಚ್ಚಿಕೊಳ್ಳುತ್ತದೆ. ಎಷ್ಟು ಆಳದಲ್ಲಿದ್ದೀರೋ ಅಷ್ಟೇ ಒತ್ತಡದ ಗಾಳಿ ಕೊಡುತ್ತದೆ.

ಲೆಕ್ಕವನ್ನೂ ಮಾಡಿ ನೋಡಬಹುದು. ಸಾಮಾನ್ಯ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್, ಒತ್ತಡ 200 ಬಾರ್. ಅಂದರೆ 2,200 ಲೀಟರ್ ಗಾಳಿ. ಕೊನೆಯ 50 ಬಾರನ್ನು ಮುಟ್ಟದೆ ಆಪತ್ತಿಗೆಂದು ಉಳಿಸುವುದು ರೂಢಿ; ಬಳಸಲು ಉಳಿದುದು 1,650 ಲೀಟರ್. ನಿಮಿಷಕ್ಕೆ 20 ಲೀಟರ್ ಗಾಳಿ ಬೇಕಾದವನಿಗೆ ಹತ್ತು ಮೀಟರ್ ಆಳದಲ್ಲಿ ಅದರ ಎರಡರಷ್ಟು, ಅಂದರೆ 40 ಲೀಟರ್ ಬೇಕು. ಹಾಗಾಗಿ ಸುಮಾರು 41 ನಿಮಿಷ. ಗಾಬರಿಯಿಂದ ಏದುಸಿರು ಬಿಡುವವನಿಗೆ ಇದರ ಅರ್ಧ ಸಮಯವೂ ಸಿಗದು. ನೀರಿನೊಳಗೆ ಸಮಾಧಾನವಾಗಿರುವವನಿಗೆ ಗಾಳಿ ಹೆಚ್ಚು ಹೊತ್ತು ಬಾಳುತ್ತದೆ.

ಘಟ್ಟ ಇಳಿಯುವಾಗಿನ ಕಿವಿ

ಶಿರಾಡಿಯಲ್ಲೋ ಆಗುಂಬೆಯಲ್ಲೋ ಬಸ್ಸು ಘಟ್ಟ ಇಳಿಯುವಾಗ ಕಿವಿ ಮುಚ್ಚಿಕೊಳ್ಳುವುದು ನಮಗೆಲ್ಲ ಗೊತ್ತು. ಎಂಜಲು ನುಂಗಿದರೆ 'ಟಪ್' ಎಂದು ತೆರೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಖಾಲಿ ಮಾಡಿ ಬಿಗಿಯಾಗಿ ಮುಚ್ಚಳ ಹಾಕಿದ ಪ್ಲಾಸ್ಟಿಕ್ ನೀರಿನ ಬಾಟಲಿ ಮಂಗಳೂರಿಗೆ ಬರುವಷ್ಟರಲ್ಲಿ ಚಪ್ಪಟೆಯಾಗಿರುವುದನ್ನೂ ನೋಡಿರುತ್ತೀರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಕೆಳಗೆ ಬಂದಂತೆ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚಿ ಬಾಟಲಿಯನ್ನು ಅದುಮಿದೆ.

ಈಗ ಸೋಜಿಗದ ಸಂಗತಿ ಕೇಳಿ. ಇಡೀ ಘಟ್ಟ ಇಳಿದಾಗ ಹೆಚ್ಚುವ ಆ ಒತ್ತಡ ಕಡಲಿನಲ್ಲಿ ಒಂದೇ ಒಂದು ಮೀಟರ್ ಇಳಿದರೆ ಹೆಚ್ಚುತ್ತದೆ. ಹತ್ತು ಮೀಟರ್ ಇಳಿದರೆ ಒಂದು ಇಡೀ ವಾತಾವರಣದ ಒತ್ತಡ ಸೇರಿಕೊಳ್ಳುತ್ತದೆ. ಬಸ್ಸಿನಲ್ಲಿ ಗಂಟೆಗಟ್ಟಲೆ ಹಂಚಿಕೊಂಡು ಆಗುವ ಬದಲಾವಣೆ ಇಲ್ಲಿ ಕೆಲವು ಸೆಕೆಂಡುಗಳಲ್ಲಿ ಆಗುತ್ತದೆ. ಹಾಗಾಗಿ ಮುಳುಗುವವನು ಪ್ರತಿ ಮೀಟರಿಗೂ ಮೂಗು ಒತ್ತಿ ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಗಾಳಿ ದೂಡಿ ಕಿವಿ ತೆರೆದುಕೊಳ್ಳಬೇಕು. ಇಟಲಿಯ ಅಂಗರಚನಾ ಶಾಸ್ತ್ರಜ್ಞ ವಾಲ್ಸಾಲ್ವನ ಹೆಸರಿನಲ್ಲಿ ಕರೆಯುವ ಈ ಉಪಾಯಕ್ಕೆ ಕಿವಿಯನ್ನೂ ಗಂಟಲನ್ನೂ ಜೋಡಿಸುವ ಯೂಸ್ಟೇಶಿಯನ್ ನಾಳ ತೆರೆದಿರಬೇಕು. ಶೀತ, ನೆಗಡಿ ಇದ್ದರೆ ಆ ನಾಳ ಊದಿ ಮುಚ್ಚಿರುತ್ತದೆ. ಅಂಥ ದಿನ ಬಲವಂತವಾಗಿ ಇಳಿದರೆ ಕಿವಿತಮಟೆಗೆ ಹಾನಿಯಾದೀತು. ನೆಗಡಿಗೆ ಮಾತ್ರೆ ನುಂಗಿ ಇಳಿಯುವುದೂ ತರವಲ್ಲ. ನೀರಿನೊಳಗಿರುವಾಗಲೇ ಮಾತ್ರೆಯ ಪ್ರಭಾವ ಇಳಿದರೆ ಮೇಲೆ ಬರುವಾಗ ತೊಂದರೆ. ಹಣ ಕಟ್ಟಿ ಆಗಿದೆ, ಗೆಳೆಯರೆಲ್ಲ ಹೊರಟಿದ್ದಾರೆ ಎಂಬುದು ನೆಗಡಿಯಲ್ಲಿ ಮುಳುಗಲು ಕಾರಣವಾಗಬಾರದು.

ಎಲ್ಲಕ್ಕಿಂತ ಮೊದಲ ನಿಯಮ

ಸ್ಕೂಬಾದ ಮೊದಲ ನಿಯಮ ಒಂದೇ ಸಾಲಿನದು. ಉಸಿರನ್ನು ಎಂದೂ ಬಿಗಿಹಿಡಿಯಬಾರದು. ಈಜಲು ಕಲಿತ ಮಕ್ಕಳಿಗೆ ಇದು ವಿಚಿತ್ರವೆನಿಸುತ್ತದೆ. ಕೆರೆಯಲ್ಲಿ, ಬಾವಿಯಲ್ಲಿ ಮುಳುಗು ಹಾಕುವಾಗ ಉಸಿರು ಹಿಡಿಯುವುದೇ ಅಭ್ಯಾಸವಲ್ಲವೇ? ಆದರೆ ಅಲ್ಲಿ ನೀವು ಮೇಲಿನ ಗಾಳಿಯನ್ನು ಕೆಳಗೆ ಒಯ್ಯುತ್ತೀರಿ. ಇಲ್ಲಿ ಕೆಳಗೇ, ಹೆಚ್ಚಿನ ಒತ್ತಡದ ಗಾಳಿಯನ್ನು ಎದೆ ತುಂಬ ಎಳೆದುಕೊಳ್ಳುತ್ತೀರಿ.

1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವನ್ನು ನೆನಪು ಮಾಡಿಕೊಳ್ಳಿ. ಉಷ್ಣತೆ ಬದಲಾಗದಿದ್ದರೆ ಒತ್ತಡ ಹೆಚ್ಚಿದಷ್ಟೂ ಅನಿಲದ ಗಾತ್ರ ಕುಗ್ಗುತ್ತದೆ, ಒತ್ತಡ ಕುಗ್ಗಿದಷ್ಟೂ ಗಾತ್ರ ಹಿಗ್ಗುತ್ತದೆ. ಹತ್ತು ಮೀಟರ್ ಆಳದಲ್ಲಿ ಎಳೆದುಕೊಂಡ ಐದು ಲೀಟರ್ ಗಾಳಿ ಮೇಲೆ ಬರುವಾಗ ಹತ್ತು ಲೀಟರ್ ಆಗಲು ಹವಣಿಸುತ್ತದೆ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಹೆಚ್ಚಿನದು ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಉಸಿರು ಹಿಡಿದಿದ್ದರೆ ಶ್ವಾಸಕೋಶ ಹರಿದು, ಗಾಳಿ ರಕ್ತಕ್ಕೆ ಸೇರಿ, ಮಿದುಳಿಗೆ ಹೋಗುವ ರಕ್ತನಾಳವನ್ನೇ ತಡೆಯಬಹುದು. ಹೊಸಬರ ಜೀವಕ್ಕೆ ಎರವಾಗಬಲ್ಲ ತಪ್ಪು ಇದು.

ಇನ್ನೊಂದು ಅಂಶವನ್ನು ಹೆತ್ತವರು ವಿಶೇಷವಾಗಿ ಗಮನಿಸಬೇಕು. 30 ಮೀಟರಿನಿಂದ 20 ಮೀಟರಿಗೆ ಏರಿದರೆ ಗಾಳಿಯ ಗಾತ್ರ ಮೂರನೇ ಒಂದು ಪಾಲು ಮಾತ್ರ ಹೆಚ್ಚುತ್ತದೆ. ಹತ್ತು ಮೀಟರಿನಿಂದ ಮೇಲಕ್ಕೆ ಬಂದರೆ ಇಮ್ಮಡಿಯಾಗುತ್ತದೆ. 'ಕಡಿಮೆ ಆಳ, ಏನೂ ಆಗುವುದಿಲ್ಲ' ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಒಪ್ಪಬೇಡಿ. ಒಂದೆರಡು ಮೀಟರ್ ಆಳದ ಈಜುಕೊಳದಲ್ಲಿ ಸಿಲಿಂಡರಿನ ಗಾಳಿ ಸೇದುವವನಿಗೂ ನಿಯಮ ಇದೇ.

ಸೋಡಾ ಬಾಟಲಿಯ ನ್ಯಾಯ

ಗೋಲಿ ಸೋಡಾ ಒಡೆದಾಗ ಬುಸ್ಸೆಂದು ಗುಳ್ಳೆ ಏಳುವುದಕ್ಕೆ ಕಾರಣ 1803ರಲ್ಲಿ ವಿಲಿಯಂ ಹೆನ್ರಿ ಹೇಳಿದ ನಿಯಮ. ಒತ್ತಡ ಹೆಚ್ಚಿದ್ದಾಗ ದ್ರವದಲ್ಲಿ ಅನಿಲ ಹೆಚ್ಚು ಕರಗುತ್ತದೆ, ಒತ್ತಡ ತಟ್ಟನೆ ಇಳಿದಾಗ ಗುಳ್ಳೆಯಾಗಿ ಹೊರಬರುತ್ತದೆ. ಆಳದಲ್ಲಿ ನಮ್ಮ ರಕ್ತ, ಮಾಂಸಗಳಲ್ಲಿ ಸಾರಜನಕ ಹೀಗೆಯೇ ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಶ್ವಾಸಕೋಶದ ಮೂಲಕ ಹೊರಟುಹೋಗುತ್ತದೆ. ಧಾವಿಸಿದರೆ ದೇಹವೇ ಸೋಡಾ ಬಾಟಲಿ. ಕೀಲುನೋವಿನಿಂದ ಲಕ್ವದವರೆಗೆ ಏನು ಬೇಕಾದರೂ ಆಗಬಹುದು. ಇದಕ್ಕೆ ಸಾರಜನಕವೇ ಕಾರಣವೆಂದು 1878ರಲ್ಲಿ ಫ್ರಾನ್ಸಿನ ಪಾಲ್ ಬೇರ್ ತೋರಿಸಿದ. ಬ್ರಿಟನ್ನಿನ ಜೆ.ಎಸ್. ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ, ಎಷ್ಟು ಆಳದಿಂದ ಹೇಗೆ ಏರಬೇಕೆಂಬ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದ. ಈಗ ಹೇಳಿಕೊಡುವ ಕ್ರಮವೆಂದರೆ ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗಿ ಏರದೆ, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಮೇಲೆ ಬರುವುದು.

ಇಲ್ಲಿ ಘಟ್ಟ ಮತ್ತೊಮ್ಮೆ ಅಡ್ಡ ಬರುತ್ತದೆ. ಒಂದು ಬಾರಿ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದೆಂಬ ಸೂಚನೆಯಿದೆ. ಮೇಲಿನ ಕಡಿಮೆ ಒತ್ತಡದಲ್ಲಿ ಉಳಿದ ಸಾರಜನಕ ಗುಳ್ಳೆಗಟ್ಟಬಹುದು ಎಂಬುದು ಇದಕ್ಕೆ ಕಾರಣ. 600 ಮೀಟರಿಗಿಂತ ಎತ್ತರಕ್ಕೆ ರಸ್ತೆಯಲ್ಲಿ ಏರುವವರಿಗೂ ಅದೇ ಕಾರಣ ಅನ್ವಯಿಸುತ್ತದೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿ, ಸಂಜೆ ಬೆಂಗಳೂರಿನ ಬಸ್ಸು ಹತ್ತುವ ಯೋಜನೆ ಹಾಕುವವರು ಬಹಳ. ಕಡಿಮೆ ಆಳದ, ಕಡಿಮೆ ಹೊತ್ತಿನ ಒಂದೇ ಮುಳುಗಿನಲ್ಲಿ ಅಪಾಯ ಸಣ್ಣದಿರಬಹುದು. ಆದರೂ ಒಂದು ರಾತ್ರಿ ಕಡಲ ಮಟ್ಟದಲ್ಲೇ ತಂಗಿ ಮರುದಿನ ಹೊರಡುವುದು ಜಾಣತನ.

ಅರ್ಧ ಗಂಟೆಯ ರುಚಿ, ನಾಲ್ಕು ದಿನದ ಕಲಿಕೆ

ಪ್ರವಾಸಿಗರು ಸಾಮಾನ್ಯವಾಗಿ ಮಾಡುವುದು ಪರಿಚಯದ ಮುಳುಗು. ದಡದಲ್ಲೋ ದೋಣಿಯಲ್ಲೋ ಸ್ವಲ್ಪ ಹೊತ್ತು ಪಾಠ ಹೇಳಿ, ತರಬೇತುದಾರರು ಸಿಲಿಂಡರನ್ನು ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ಹೆಚ್ಚೆಂದರೆ 12 ಮೀಟರ್ ಆಳ. ತೇಲುವುದು, ಇಳಿಯುವುದು, ಗಾಳಿಯ ಮೀಟರ್ ನೋಡುವುದು ಎಲ್ಲವೂ ಅವರ ಕೈಯಲ್ಲಿ. ಇದು ರುಚಿ ನೋಡುವುದಷ್ಟೇ. ಕಾರಿನಲ್ಲಿ ಅಪ್ಪನ ಪಕ್ಕ ಕುಳಿತವನು ಡ್ರೈವಿಂಗ್ ಕಲಿತೆ ಎನ್ನಲಾಗದಲ್ಲ!

ನಿಜವಾದ ಕಲಿಕೆಯೆಂದರೆ ಸಾಮಾನ್ಯವಾಗಿ ಮೂರು ನಾಲ್ಕು ದಿನಗಳ ಮೊದಲ ಹಂತದ ಕೋರ್ಸು. ಅಮೆರಿಕದಲ್ಲಿ 1966ರಲ್ಲಿ ಆರಂಭವಾದ 'ಪಾಡಿ'ಯಂಥ ಸಂಸ್ಥೆಗಳು ಇದಕ್ಕೆ ಪಠ್ಯ, ಪರೀಕ್ಷೆ, ಪ್ರಮಾಣಪತ್ರ ರೂಪಿಸಿವೆ. ಮೊದಲು ಪಾಠ, ಬಳಿಕ ಈಜುಕೊಳದಂಥ ಶಾಂತ ನೀರಿನಲ್ಲಿ ಅಭ್ಯಾಸ, ಕೊನೆಗೆ ತೆರೆದ ಕಡಲಿನಲ್ಲಿ ನಾಲ್ಕು ಮುಳುಗು. ಮುಖವಾಡದೊಳಗೆ ನುಗ್ಗಿದ ನೀರನ್ನು ಮೂಗಿನ ಗಾಳಿಯಿಂದ ಹೊರದೂಡುವುದು, ಬಾಯಿಂದ ಕಳಚಿದ ರೆಗ್ಯುಲೇಟರನ್ನು ಹುಡುಕಿ ಮತ್ತೆ ಕಚ್ಚಿಕೊಳ್ಳುವುದು, ಗಾಳಿ ಮುಗಿದ ಜೊತೆಗಾರನಿಗೆ ತನ್ನ ಎರಡನೇ ರೆಗ್ಯುಲೇಟರ್ ಕೊಡುವುದು ಇವೆಲ್ಲವನ್ನೂ ವಿದ್ಯಾರ್ಥಿ ಸ್ವತಃ ಮಾಡಿ ತೋರಿಸಬೇಕು. ಈಜಿನ ಪರೀಕ್ಷೆಯೂ ಇದೆ. ನಿಲ್ಲದೆ 200 ಮೀಟರ್ ಈಜಬೇಕು, ಇಲ್ಲವೇ ಮುಖವಾಡ, ಉಸಿರುಕೊಳವೆ, ಕಾಲಿನ ಫಿನ್ ಧರಿಸಿ 300 ಮೀಟರ್. ಜೊತೆಗೆ ಹತ್ತು ನಿಮಿಷ ತೇಲಬೇಕು.

ಪಾಡಿಯ ಕ್ರಮದಲ್ಲಿ ಹತ್ತು ವರ್ಷ ತುಂಬಿದ ಮಕ್ಕಳೂ ಕಿರಿಯರ ಪ್ರಮಾಣಪತ್ರ ಪಡೆಯಬಹುದು. 10-11 ವಯಸ್ಸಿನವರಿಗೆ 12 ಮೀಟರಿನ ಮಿತಿಯಿದೆ, ಹಿರಿಯರು ಜೊತೆಗಿರಲೇಬೇಕು. 15 ವರ್ಷದ ಬಳಿಕ 18 ಮೀಟರಿನವರೆಗೆ ಹೋಗುವ ಪೂರ್ಣ ಪ್ರಮಾಣಪತ್ರ. 18 ಮೀಟರ್ ಎಂದರೆ ಮುರುಡೇಶ್ವರದ 123 ಅಡಿ ಎತ್ತರದ ಶಿವನ ಮೂರ್ತಿಯ ಸುಮಾರು ಅರ್ಧ. ಹತ್ತು ತುಂಬಿದ ಮಾತ್ರಕ್ಕೆ ಎಲ್ಲ ಮಕ್ಕಳೂ ಸಿದ್ಧರೆಂದಲ್ಲ. ಹೇಳಿದ್ದನ್ನು ಕೇಳಿ, ನೆನಪಿಟ್ಟು, ಗಾಬರಿಯಾಗದೆ ಮಾಡುವ ಸ್ವಭಾವ ಬಂದಿದೆಯೇ ಎಂಬುದನ್ನು ಹೆತ್ತವರೇ ಬಲ್ಲರು. ಮಗ ಅಥವಾ ಮಗಳಿಗೆ ಈಜು ಬಾರದಿದ್ದರೆ ಈ ವರ್ಷ ಊರಿನ ಈಜುಕೊಳಕ್ಕೆ ಸೇರಿಸಿ. ಸ್ಕೂಬಾದ ಮೊದಲ ಮೆಟ್ಟಿಲು ಅಲ್ಲಿದೆ.

ಕೇಳಬೇಕಾದ ಪ್ರಶ್ನೆಗಳು

ಹಣ ಕಟ್ಟುವ ಮೊದಲು ಹೆತ್ತವರು ಇಷ್ಟನ್ನು ಕೇಳಿ ತಿಳಿಯಬೇಕು. ತರಬೇತುದಾರರ ಪ್ರಮಾಣಪತ್ರ ಯಾವ ಸಂಸ್ಥೆಯದು, ಈಗಲೂ ಚಾಲ್ತಿಯಲ್ಲಿದೆಯೇ? ನೀರಿನೊಳಗೆ ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ? ದೋಣಿಯಲ್ಲಿ ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇದೆಯೇ? ಪ್ರಥಮ ಚಿಕಿತ್ಸೆಗೆ ಆಮ್ಲಜನಕ ಇದೆಯೇ? (ಬೆನ್ನ ಮೇಲೆ ಬೇಡವಾದ ಶುದ್ಧ ಆಮ್ಲಜನಕ ದೋಣಿಯಲ್ಲಿ ಇರಲೇಬೇಕು, ಸಾರಜನಕದ ಗುಳ್ಳೆಯ ಕಾಯಿಲೆಗೆ ಮೊದಲ ಚಿಕಿತ್ಸೆಯೇ ಅದು.) ತೊಂದರೆಯಾದರೆ ಯಾವ ಆಸ್ಪತ್ರೆ, ಎಷ್ಟು ದೂರ? ಗಾಳಿ, ಅಲೆ ಹೆಚ್ಚಿದ್ದರೆ ಹಣ ಹಿಂದಿರುಗಿಸುತ್ತಾರೆಯೇ? ಈ ಕೊನೆಯ ಪ್ರಶ್ನೆ ಚಿಕ್ಕದೆನಿಸಬಹುದು. ಹಣ ವಾಪಸು ಕೊಡುವ ಸಂಸ್ಥೆಗೆ ಕೆಟ್ಟ ಹವೆಯಲ್ಲಿ ಹೊರಡುವ ಆತುರ ಇರುವುದಿಲ್ಲ.

ಒಂದು ಪ್ರಶ್ನಾವಳಿ ಅವರೂ ಕೊಡುತ್ತಾರೆ. ಆಸ್ತಮಾ, ಅಪಸ್ಮಾರ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಇತ್ಯಾದಿಗಳ ಬಗ್ಗೆ ಅದರಲ್ಲಿ ಕೇಳಿರುತ್ತದೆ. ಒಂದಕ್ಕಾದರೂ 'ಹೌದು' ಎಂದಾದರೆ ವೈದ್ಯರ ಒಪ್ಪಿಗೆ ಬೇಕು. ಅವಕಾಶ ತಪ್ಪೀತೆಂದು ಎಲ್ಲಕ್ಕೂ 'ಇಲ್ಲ' ಎಂದು ಗೀಚುವ ಮಕ್ಕಳಿದ್ದಾರೆ, ಗೀಚಿಸುವ ಹಿರಿಯರೂ ಇದ್ದಾರೆ. ಆಸ್ತಮಾ ಇರುವವರ ಶ್ವಾಸನಾಳ ಬಿಗಿದುಕೊಂಡರೆ ಒಳಗಿನ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಉಸಿರು ಹಿಡಿಯದಿದ್ದರೂ ಹಿಡಿದ ಹಾಗೆಯೇ. ಬಾಯ್ಲನ ನಿಯಮ ಯಾರ ಮುಲಾಜನ್ನೂ ನೋಡುವುದಿಲ್ಲ.

ಒಳಗೆ ಕಾಣುವುದು, ಮುಂದೆ ಕಾಯುವುದು

ಇಷ್ಟೆಲ್ಲ ಎಚ್ಚರಿಕೆಯ ಬಳಿಕ ನೀರಿನೊಳಗೆ ಇಳಿದ ವಿದ್ಯಾರ್ಥಿಗೆ ಸಿಗುವುದು ಒಂದು ದೊಡ್ಡ ಪ್ರಯೋಗಶಾಲೆ. ಬೆಳಕಿನ ವಕ್ರೀಭವನದಿಂದ ಮೀನುಗಳು ಇದ್ದುದಕ್ಕಿಂತ ಹತ್ತಿರ, ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ಕೆಂಪು ಬಣ್ಣ ಮೊದಲು ಮಾಯವಾಗಿ ಎಲ್ಲವೂ ನೀಲಿಗೆ ತಿರುಗುತ್ತದೆ. ಶಬ್ದ ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಬರುವುದರಿಂದ ದೋಣಿಯ ಎಂಜಿನ್ ಯಾವ ದಿಕ್ಕಿನಲ್ಲಿದೆ ಎಂದೇ ತಿಳಿಯುವುದಿಲ್ಲ. ಆರ್ಕಿಮಿಡೀಸನ ತತ್ತ್ವ ಪ್ರತಿ ಉಸಿರಿನಲ್ಲೂ ಅನುಭವಕ್ಕೆ ಬರುತ್ತದೆ: ಎಳೆದರೆ ಮೆಲ್ಲನೆ ಮೇಲೆ, ಬಿಟ್ಟರೆ ಮೆಲ್ಲನೆ ಕೆಳಗೆ. ಹವಳ ಕಲ್ಲಿನಂತೆ ಕಂಡರೂ ಅದು ಪ್ರಾಣಿಗಳ ವಸಾಹತು. ಬಂಡೆಯಂಥ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಕೈ ಊರಿ ಮುರಿದ ತುಂಡು ಮತ್ತೆ ಅಷ್ಟಾಗಲು ಆ ಮಗು ಮುದುಕನಾಗಬೇಕಾದೀತು. ಆದ್ದರಿಂದ ನೋಡಬೇಕು, ಮುಟ್ಟಬಾರದು.

ಈ ವಿದ್ಯೆ ರಜೆಯ ಮೋಜಿಗಷ್ಟೇ ಸೀಮಿತವೂ ಅಲ್ಲ. ಶಿವಮೊಗ್ಗ ಜಿಲ್ಲೆಯವರಾದ ಪುರಾತತ್ತ್ವಜ್ಞ ಎಸ್.ಆರ್. ರಾವ್ ಅವರು 1980ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮೂಲಕ ದ್ವಾರಕೆಯ ಕಡಲಿನಲ್ಲಿ ಶೋಧ ನಡೆಸಿ, ನಮ್ಮ ದೇಶದಲ್ಲಿ ಸಾಗರ ಪುರಾತತ್ತ್ವಕ್ಕೆ ಅಡಿಪಾಯ ಹಾಕಿದರು. ಮುಳುಗಬಲ್ಲ ತಂಡವಿಲ್ಲದೆ ಆ ಕೆಲಸ ಆಗುತ್ತಿರಲಿಲ್ಲ. ಹವಳಗಳ ಅಧ್ಯಯನ, ಬಂದರು ಹಾಗೂ ಹಡಗುಗಳ ದುರಸ್ತಿ, ಪ್ರವಾಹದಲ್ಲಿ ಸಿಲುಕಿದವರ ಶೋಧ ಹೀಗೆ ತರಬೇತಾದ ಮುಳುಗುಗಾರರಿಗೆ ಕೆಲಸವಿರುವ ಕ್ಷೇತ್ರಗಳು ಹಲವು.

ಕೊನೆಗೆ ಮಕ್ಕಳಿಗೆ ಒಂದು ಮಾತು. ಮೊಬೈಲಿನಲ್ಲಿ ಹೆಬ್ಬೆರಳು ಎತ್ತಿದರೆ 'ಸೂಪರ್' ಎಂದರ್ಥ. ನೀರಿನೊಳಗೆ ಅದರ ಅರ್ಥ 'ಮೇಲಕ್ಕೆ ಹೋಗೋಣ'. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿ ಸೊನ್ನೆ ಮಾಡಿ ತೋರಿಸಬೇಕು. ಹೆಬ್ಬೆರಳು ಎತ್ತಿದವನನ್ನು ಯಾರೂ 'ಯಾಕೆ' ಎಂದು ಪ್ರಶ್ನಿಸುವಂತಿಲ್ಲ, ಹೆದರುಪುಕ್ಕಲ ಎಂದು ನಗುವಂತಿಲ್ಲ. ಎಲ್ಲರೂ ಅವನ ಜೊತೆ ನಿಧಾನವಾಗಿ ಮೇಲೆ ಬರಬೇಕು. ಕಿವಿ ನೋಯುತ್ತಿದೆಯೇ, ಮನಸ್ಸೇಕೋ ಒಪ್ಪುತ್ತಿಲ್ಲವೇ, ಹೆಬ್ಬೆರಳು ಎತ್ತಿ. ಕಡಲು ಅಲ್ಲೇ ಇರುತ್ತದೆ, ಮುಂದಿನ ಅಕ್ಟೋಬರ್ ಮತ್ತೆ ಬರುತ್ತದೆ. ಹೆತ್ತವರು ಮಕ್ಕಳನ್ನು ದೋಣಿ ಹತ್ತಿಸುವಾಗ 'ಧೈರ್ಯವಾಗಿರು' ಎನ್ನುವ ಜೊತೆಗೆ 'ಬೇಡವೆನಿಸಿದರೆ ಬೆರಳೆತ್ತು, ನಾವು ಬೈಯುವುದಿಲ್ಲ' ಎಂಬ ಮಾತನ್ನೂ ಹೇಳಿ ಕಳಿಸಲಿ.